ಕಣ್ಣು ಬಿಟ್ಟುಕೊಂಡು ಮಾಡುವ ಪ್ರಾರ್ಥನೆ

ಸ್ವಲ್ಪ ನಿಲ್ಲಿ, ಇದನ್ನು ಓದಿಯೇ ಮುಂದೆ ಹೋಗಿ. ತಮಿಳು ಗಡಿಯ ಕಾಡಂಚಿನ ಹಳ್ಳಿ ತಿಗನಾರೆಗೆ ಬಂದ ಮೊದಲ ಭಾನುವಾರ ಇಲ್ಲಿನ ಕ್ರೈಸ್ತ ವಿಶ್ವಾಸಿಗಳ ಮನೆಗೆ ಪ್ರಾರ್ಥನೆಗೆ ಹೋದೆ. ಎಲ್ಲರೂ ಕಣ್ಣು ಮುಚ್ಚಿದರು. ಮಾರ್ತಕ್ಕ ಎನ್ನುವ ಹೆಂಗಸು ಮಾತ್ರ ನಮಗೆ ಬೆನ್ನು ಹಾಕಿ, ಬಾಗಿಲಲ್ಲಿ ಕೂತು, ಹೊಲದಾಚೆಯ ಕಾಡನ್ನೇ ದಿಟ್ಟಿಸುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ ಹಿರಿಯರಾದ ರೂತಮ್ಮ ಹೇಳಿದರು:

“ಒಬ್ರಾದ್ರೂ ಕಣ್ ಬುಟ್ಕಂಡಿರ್ಬೇಕು ಕಣಪ್ಪಾ. ಜೆಬಂ ಮುಗೀಲಿ ಅಂತ ಆನೆ ನಿಂತ್ಕಂಡದಾ?”

ಜೆಬಂ ಅಂದರೆ ತಮಿಳಿನಲ್ಲಿ ಪ್ರಾರ್ಥನೆ. ನಾನು ಹುಬ್ಬಳ್ಳಿಯವನು, ಒಂದು ಖಾಸಗಿ ಡೈರಿಯ ಹಾಲು ಸಂಗ್ರಹ ಕೇಂದ್ರದ ಕೆಲಸಕ್ಕೆ ಬಂದವನು. ಅಲ್ಲಿ ನಮ್ಮ ಸಭೆಗೆ ಕಲ್ಲಿನ ಗೋಡೆ, ಫ್ಯಾನು, ನೂರಾರು ದನಿ. ಇಲ್ಲಿ ನಾಲ್ಕೇ ಮನೆ, ಎರಡು ಚಾಪೆ. ರೊಟ್ಟಿ ಬಿಟ್ಟು ಮುದ್ದೆ ನುಂಗುವುದನ್ನು ವಾರದಲ್ಲಿ ಕಲಿತೆ. ಭಯ ಕಲಿಯಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಒಂದು ದಿನ ಹೊಲಕ್ಕೆ ಹೋಗುವ ಹಳ್ಳದ ದಾರಿಯಲ್ಲಿ ಮಾರ್ತಕ್ಕನ ಗಂಡನನ್ನು ಆನೆ ತಳ್ಳಿ ಕಾಲು ಮುರಿಯಿತು. ಅವರನ್ನು ಘಟ್ಟದ ಕೆಳಗೆ ಸತ್ಯಮಂಗಲದ ಆಸ್ಪತ್ರೆಗೆ ಸೇರಿಸಿದರು. ಅಂದಿನಿಂದ ಅಕ್ಕ ಕಳೆ ಕೀಳಲು ಹೋಗಲಿಲ್ಲ, ಅಂಗಳವನ್ನೇ ದಾಟಲಿಲ್ಲ. ಮಕ್ಕಳನ್ನು ಕರೆದುಕೊಂಡು ತಿರುಪ್ಪೂರಿನ ಗಾರ್ಮೆಂಟ್ಸಿಗೆ ಹೋಗಿಬಿಡುತ್ತೇನೆ ಅನ್ನತೊಡಗಿದರು. ನಾನು ಉತ್ಸಾಹದಿಂದ ಹೋಗಿ, ಹೆದರಬೇಡಿ, ದೇವರಿದ್ದಾರೆ ಎಂದು ಅರ್ಧ ಗಂಟೆ ಧೈರ್ಯ ಹೇಳಿದೆ.

“ನೀನು ಬೈಕಲ್ಲಿ ಓಗೋನು. ಆ ಅಳ್ಳದ ದಾರೀಲಿ ಒಂದಿನ ನಡ್ದಿದ್ದೀಯಾ?” ಎಂದರು ಅಕ್ಕ.

ನಡೆದಿರಲಿಲ್ಲ.

ಮರುದಿನ ಬೆಳಿಗ್ಗೆ ರೂತಮ್ಮ ಮತ್ತು ನಾನು ಅಕ್ಕನನ್ನು ಒಪ್ಪಿಸಿ, ಅವರ ಜೊತೆ ಹೊಲಕ್ಕೆ ಹೊರಟೆವು. ಮುಂದೆ ನೋಡುವ ಕೆಲಸ ನನ್ನದು. ಹಳ್ಳದ ಹತ್ತಿರ ರೂತಮ್ಮ ನಿಂತು, ಅಕ್ಕನ ಗಂಡನಿಗಾಗಿ ಪಿಸುದನಿಯಲ್ಲಿ ಬೇಡತೊಡಗಿದರು. ಹುಬ್ಬಳ್ಳಿಯ ಅಭ್ಯಾಸ ನೋಡಿ, ನಾನು ಕಣ್ಣು ಮುಚ್ಚಿಬಿಟ್ಟೆ!

ಯಾರೋ ನನ್ನ ಅಂಗಿ ಹಿಡಿದೆಳೆದರು. “ಉಸ್ರೆತ್ಬೇಡ ಕಣ್ಲಾ. ಇಂದ್ಕೆ ಬಾ.”

ಮಾರ್ತಕ್ಕ. ಎದುರಿನ ಪೊದೆಯ ಹಿಂದೆ ಬೂದು ಬಣ್ಣದ್ದೇನೋ ಅಲುಗಿತು, ಆಮೇಲೆ ಕಿವಿ ಕಂಡಿತು. ನಾನು ಅದನ್ನೇ ನೋಡುತ್ತ ನಿಂತೆ. ಅಕ್ಕನೇ ಎಳೆದುಕೊಂಡು ಬಂದರು. ಊರಿನ ಮೊದಲ ಮನೆ ಸಿಕ್ಕ ಮೇಲೂ ನಾನು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ.

“ಚೆಂದಾಗಿ ಕಾದೆ ಬುಡಪ್ಪಾ!” ಎಂದು ರೂತಮ್ಮ ನಕ್ಕರು.

ಅಕ್ಕ ನಗಲಿಲ್ಲ. ನೀರು ಕುಡಿದು ಹೇಳಿದರು: “ನಾಳೀಕೆ ನಾನೇ ಮುಂದೆ ನೋಡ್ತೀನಿ. ಇವನ್ನ ನಂಬುದ್ರೆ ಮೂರ್ ಜನಾನೂ ಓಯ್ತೀವಿ.”

ಹಾಗೆ ಅವರು ಮತ್ತೆ ಕೆಲಸಕ್ಕೆ ಹೊರಟರು. ತಿರುಪ್ಪೂರಿನ ಮಾತು ಸದ್ಯಕ್ಕೆ ನಿಂತಿದೆ, ಭಯ ನಿಂತಿಲ್ಲ. ಹಳ್ಳ ಬಂದಾಗ ಅವರು ನಿಂತು, ಒಂದೊಂದು ಪೊದೆಯನ್ನೂ ನೋಡಿಯೇ ಮುಂದೆ ಕಾಲಿಡುತ್ತಾರೆ. ನನಗೂ ಹೆದರಿಕೆಯೇ. ಆದರೂ ದಿನಾ ಅಲ್ಲಿಯವರೆಗೆ ಜೊತೆಗೆ ನಡೆಯುತ್ತೇನೆ.

ಅವ್ವ ಫೋನಿನಲ್ಲಿ, “ಹೊಳ್ಳಿ ಬಾರಪಾ. ನಿನ್ನ ವರ್ಗಾವಣಿ ಆಗ್ಲಿ ಅಂತ ಇಲ್ಲೆ ಎಲ್ಲಾರೂ ಪ್ರಾರ್ಥನಾ ಮಾಡಾಕತ್ತೇವಿ” ಅನ್ನುತ್ತಾಳೆ. ಇಲ್ಲಿ ಮಾರ್ತಕ್ಕ, ಈ ಹುಡುಗನನ್ನು ಎಲ್ಲಿಗೂ ಕಳಿಸಬೇಡಪ್ಪಾ ಎಂದು ಬೇಡುತ್ತಾರೆ. ನಾನು ಎರಡಕ್ಕೂ ಆಮೆನ್ ಅಂದಿದ್ದೇನೆ.

ನೀವು ಹೆದರಿ ಕೂತಿದ್ದಾಗ ನಿಮ್ಮ ಜೊತೆ ನಡೆದವರು ಯಾರು? ಬರೆಯಿರಿ. ಇಲ್ಲಿನ ನಾಲ್ಕು ಮನೆಯವರಿಗೂ ಓದಿ ಹೇಳುತ್ತೇನೆ.