ಮಹಾಪ್ರಾಣದ ಪಾಠ

ಕನ್ನಡ ನಾಡಿನಿಂದ ಇಲ್ಲಿ ನಾಚಾರಂಗೆ ಕೂಲಿಗೆ ಬಂದವರ ಮಕ್ಕಳಿಗೆಂದು ಮಹಾಪ್ರಾಣಾಕ್ಷರಗಳ ಪಾಠವನ್ನು ಯೂಟ್ಯೂಬಿಗೆ ಹಾಕಿದ್ದೆ. ಮೊಬೈಲ್ ಹಿಡಿದವರು ನಮ್ಮ ಯಜಮಾನರು. ನಡುನಡುವೆ ಅವರ ಕೆಮ್ಮೂ ಕೇಳುತ್ತದೆ. ಅವರು ತೀರಿಕೊಂಡು ತಿಂಗಳಾದ ಮೇಲೆ, ಹೆಸರಿನ ಪಕ್ಕ ಸಾಫ್ಟ್‌ವೇರ್ ಹುದ್ದೆಯನ್ನೂ ಬರೆದುಕೊಂಡ ಮಹಾನುಭಾವರೊಬ್ಬರು ಆ ವಿಡಿಯೋದ ಕೆಳಗೆ ಅಪ್ಪಣೆ ಕೊಡಿಸಿದರು:

"ಟೀಚರ್ರ, ಆ ಕೆಮ್ಮೋ ಮುದುಕನ್ನ ಮೊದಲ ಹೊರಗ ಹಾಕ್ರಿ. ಪಾಟಾನ ಕೇಳಸವಲ್ದು. ಇಲ್ಲಾಂದ್ರ ವಿಡಿಯೋ ತೆಗೀರಿ."

ನಾನು ಉತ್ತರಿಸಿದೆ: "ಪಾಟ ಅಲ್ಲರಿ, ಪಾಠ. ಅದಕ್ಕ ಉಸಿರು ಹೆಚ್ಚು ಬೇಕು. ಅವರು ಹೊರಗ ಹೋಗಿ ತಿಂಗಳಾತು, ಇನ್ನ ಬರಂಗಿಲ್ಲ. ಕೆಮ್ಮು ಅಷ್ಟ ಉಳದೈತಿ. ವಿಡಿಯೋ ತೆಗಿಯಂಗಿಲ್ಲ."

ಕೂಡಲೇ ಮರುತ್ತರ ಬಂತು: "ಸಾರಿ ಮೇಡಂ, ಭಾಳ ದುಕ್ಕ ಆತು."

ದುಃಖಕ್ಕೂ ಮಹಾಪ್ರಾಣ ಬೇಕೆಂದು ತಿದ್ದಲು ಹೋಗಲಿಲ್ಲ. ಪಾಪ, ಕೆಮ್ಮಿನ ಗದ್ದಲದಲ್ಲಿ ಅವರಿಗೆ ಪಾಠವೇ ಕೇಳಿಸಿರಲಿಲ್ಲವಲ್ಲ!