ಆಮೆ ಎದ್ದು ಹೋಗುವವರೆಗೆ

ವಿಲ್ಮಾ ಹ್ಯಾಗರ್ಟಿಗೆ ನಮ್ಮೂರಿನ ಗಂಡಸರ ಮುಖಕ್ಕಿಂತ ಹಿಂದಲೆಯೇ ಹೆಚ್ಚು ಪರಿಚಯ. ನಮ್ಮೂರಾದ ಟ್ವೆಂಟಿನೈನ್ ಪಾಮ್ಸ್‌ನ ಸೇನಾ ನೆಲೆಗೆ ಬರುವ ಎಳೆಯ ಸಿಪಾಯಿಗಳಿಗೆ ಮೂವತ್ತೆಂಟು ವರ್ಷ ಕ್ಷೌರ ಮಾಡಿದವಳು ಅವಳು. ವಾರಕ್ಕೆ ಆರು ದಿನ ಯಂತ್ರದ ಗುಂಯ್ ಸದ್ದು, ನೆಲದ ತುಂಬ ಕೂದಲು, ಕುರ್ಚಿಯಲ್ಲಿ ಕೂತ ಕೂಡಲೇ ಮನೆಯ ಕತೆ ಬಿಚ್ಚುವ ಬಾಯಿಗಳು. ಗುರುವಾರ ಮಾತ್ರ ಅಂಗಡಿ ಮುಚ್ಚಿರುತ್ತಿತ್ತು. ಅಂದು ಅವಳು ಒಬ್ಬಳೇ ಕಾರು ಹತ್ತಿ, ಊರಿಗೆ ತಾಗಿಕೊಂಡಿರುವ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಮರಳುಗಾಡಿಗೆ ಹೋಗಿಬಿಡುತ್ತಿದ್ದಳು. ಗಂಡ ಬದುಕಿದ್ದಾಗಲೂ ಒಬ್ಬಳೇ.

"ಅಲ್ಲಿ ಏನಿದೆ ಅಂತ ಹೋಗ್ತೀಯೆ?" ಎಂದು ತಂಗಿ ಡಾಟ್ ಕೇಳುತ್ತಿದ್ದಳು.

"ಯಾರೂ ಇಲ್ಲ. ಅದಕ್ಕೇ ಹೋಗ್ತೀನಿ."

ಅಂಗಡಿ ಮಾರಿದ ಮೇಲೂ ಗುರುವಾರ ಉಳಿದುಕೊಂಡಿತು. ಆದರೆ ಕಳೆದ ನವೆಂಬರಿನಲ್ಲಿ, ಎಪ್ಪತ್ಮೂರು ತುಂಬಿದ ವಾರವೇ, ಸ್ಟಿಯರಿಂಗ್ ಹಿಡಿದಿದ್ದಾಗ ತಲೆ ಸುತ್ತಿ ಅವಳ ಕಾರು ರಸ್ತೆ ಬಿಟ್ಟು ಮರಳಿಗಿಳಿಯಿತು. ಏಟೇನೂ ಆಗಲಿಲ್ಲ. ಒಳಕಿವಿಯ ತೊಂದರೆ, ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಡಾಟ್ ಶಾಲೆಯ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು. ನಿಯಮವಿಲ್ಲದೆ ಅವಳಿಗೆ ನಿದ್ದೆ ಬಾರದು. ಎರಡು ನಿಯಮ ಮಾಡಿದಳು. ಮೂರು ಗಂಟೆಯೊಳಗೆ ಮನೆಗೆ ಬಂದಿರಬೇಕು. ಇನ್ನೊಂದು ಸಲ ತಲೆ ಸುತ್ತಿದರೆ ಕಾರಿನ ಕೀಲಿ ಕೊಟ್ಟುಬಿಡಬೇಕು. ವಿಲ್ಮಾ ಎರಡಕ್ಕೂ ಮಾತು ಕೊಟ್ಟಿದ್ದಳು. ಅವಳು ಮಾತು ಕೊಡುವುದು ಕಡಿಮೆ.

ಏಪ್ರಿಲ್‌ನ ಎರಡನೇ ಗುರುವಾರ ಬೆಳಿಗ್ಗೆ ಎಂಟಕ್ಕೆ ಅವಳು ಹೊರಟಳು. ನಾಲ್ಕು ಕ್ಯಾನ್ ನೀರು, ಚೀಸ್ ಮತ್ತು ಉಪ್ಪಿನಲ್ಲಿಟ್ಟ ಮೆಣಸಿನಕಾಯಿ ಹಾಕಿದ ಬ್ರೆಡ್ಡು, ಬಿಸಿ ಕಾಫಿ. ಬಂಡೆಗಳ ನಾಡು ದಾಟಿ ರಸ್ತೆ ಪಿಂಟೊ ಬಯಲಿಗೆ ಇಳಿಯುವ ಕಡೆ ಕಿಟಕಿ ಇಳಿಸಿದಳು. ಚೋಯಾ ಕಳ್ಳಿಗಳ ಮುಳ್ಳು ಬೆಳಗಿನ ಬಿಸಿಲಿಗೆ ತುಪ್ಪಳದಂತೆ ಹೊಳೆಯುತ್ತಿತ್ತು. ಬೆತ್ತದ ಕಟ್ಟನ್ನು ನೆಲಕ್ಕೆ ಊರಿದಂತಿರುವ ಒಕೊಟಿಯೊ ಗಿಡಗಳ ತುದಿಗೆ ಕೆಂಪು ಹೂ. ಎದುರು ಬಂದ ಒಂದೇ ಒಂದು ಲಾರಿಗೆ ನಮ್ಮೂರಿನವರೆಲ್ಲ ಮಾಡುವಂತೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿದಳು.

ಅಲ್ಲಿಂದ ಎರಡು ಮೈಲಿ ದಾಟಿರಬೇಕು. ದೂರದ ಬೆಟ್ಟಸಾಲು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿತು.

ಅವಳು ಗಾಬರಿಯಾಗಲಿಲ್ಲ. ರಸ್ತೆಯಂಚಿನ ಜಲ್ಲಿ ಜಾಗಕ್ಕೆ ಕಾರು ಇಳಿಸಿ, ಇಂಜಿನ್ ನಿಲ್ಲಿಸಿ, ಒಂದು ಪೊದೆಯ ಮೇಲೆ ಕಣ್ಣು ನೆಟ್ಟು ಕೂತಳು. ನೀರು ಕುಡಿದಳು. ಐದು ನಿಮಿಷಕ್ಕೆ ಬೆಟ್ಟ ತನ್ನ ಜಾಗಕ್ಕೆ ಬಂತು. ಆಮೇಲೆ ಏನೂ ಆಗದವಳಂತೆ ಇಳಿದು, ಒಣಗಿದ ಹಳ್ಳದ ಗುಂಟ ನಿಧಾನ ನಡೆದು, ಒಂದು ಮರದ ತೆಳು ನೆರಳಲ್ಲಿ ಬ್ರೆಡ್ಡು ತಿಂದು, ಬಹಳ ಹೊತ್ತು ಕೂತಳು. ಹಲ್ಲಿಯೊಂದು ಕಲ್ಲಿನ ಮೇಲೆ ದಂಡ ಹೊಡೆಯುವವನಂತೆ ಏಳುತ್ತ ಬೀಳುತ್ತ ಇತ್ತು. ಐದು ನಿಮಿಷದ ಸಂಗತಿ. ನೋಡಿದವರು ಯಾರೂ ಇಲ್ಲ.

ಒಂದೂವರೆಗೆ ಕಾರಿನ ಹತ್ತಿರ ಬಂದು, ಹತ್ತುವ ಮುನ್ನ ಬಗ್ಗಿ ಕೆಳಗೆ ನೋಡಿದಳು. ವಸಂತದಲ್ಲಿ ನಾವೆಲ್ಲ ನೋಡುತ್ತೇವೆ; ಮರಳುಗಾಡಿನ ಆಮೆಗಳು ನೆರಳು ಹುಡುಕಿ ಕಾರಿನಡಿ ಸೇರುವ ಕಾಲ ಅದು. ಮುಂದಿನ ಚಕ್ರಕ್ಕೆ ಒರಗಿಕೊಂಡು, ಕಾಲುಗಳನ್ನು ಒಳಗೆಳೆದು, ದೊಡ್ಡ ಅನ್ನದ ಬಟ್ಟಲಿನಷ್ಟಿರುವ ಒಂದು ಆಮೆ ಮಲಗಿತ್ತು.

ಕಾರು ಒಂದು ಗೇಣು ಜರುಗಿಸಿದರೂ ಅದು ಚಕ್ರದಡಿ. ವಿಲ್ಮಾ ಗಡಿಯಾರ ನೋಡಿದಳು. ಫೋನಿನಲ್ಲಿ ಸಿಗ್ನಲ್ ಇಲ್ಲ. ಆ ಬಯಲಲ್ಲಿ ಯಾವತ್ತೂ ಇದ್ದದ್ದಿಲ್ಲ. ಮಡಚುವ ಕುರ್ಚಿ ತೆಗೆದು ಕಾರಿನ ನೆರಳಿನಲ್ಲೇ, ಆಮೆಗೆ ತೊಂದರೆಯಾಗದಷ್ಟು ದೂರದಲ್ಲಿ ಕೂತಳು.

ಎರಡೂಕಾಲಿಗೆ ಬಾಡಿಗೆ ವ್ಯಾನೊಂದು ನಿಂತಿತು. ಪರವೂರಿನ ಗಂಡಹೆಂಡತಿ.

"ಕಾರು ಕೆಟ್ಟಿದೆಯಾ ಮೇಡಂ?"

"ಕಾರು ಚೆನ್ನಾಗಿದೆ. ಕೆಳಗೆ ಒಬ್ರು ಮಲಗಿದಾರೆ."

ಗಂಡ ಬಗ್ಗಿ ನೋಡಿ ನಕ್ಕ. "ಇಷ್ಟೇನಾ! ಎತ್ತಿ ಆಚೆ ಇಡ್ತೀನಿ ಬಿಡಿ."

"ಮುಟ್ಟಿದ್ರೆ ನಿಮ್ಮ ಕೈಗೆ ಬಡೀತೀನಿ," ಎಂದಳು ವಿಲ್ಮಾ ಮೆಲುದನಿಯಲ್ಲೇ. "ಹೆದರಿದ್ರೆ ಅದು ಹೊಟ್ಟೇಲಿಟ್ಕೊಂಡಿರೋ ನೀರನ್ನೆಲ್ಲ ಬಿಟ್ಟುಬಿಡತ್ತೆ. ಮುಂದಿನ ಮಳೆವರೆಗೆ ಅದಕ್ಕಿರೋದು ಅಷ್ಟೇ ನೀರು. ನಿಮಗೆ ತಮಾಷೆ, ಅದಕ್ಕೆ ಸಾವು."

ಅವನು ಕೈ ಹಿಂದಕ್ಕೆಳೆದುಕೊಂಡ. ಹೆಂಡತಿ ಡಾಟ್‌ಳ ನಂಬರನ್ನು ಅಂಗೈ ಮೇಲೆ ಬರೆದುಕೊಂಡಳು. ಸಿಗ್ನಲ್ ಸಿಕ್ಕ ಕೂಡಲೇ ಫೋನ್ ಮಾಡುವುದಾಗಿ ಹೇಳಿದಳು.

"ಬೈತಾಳೆ, ಬೇಜಾರು ಮಾಡ್ಕೋಬೇಡಮ್ಮ. ನಿನಗಲ್ಲ, ನನಗೆ," ಎಂದಳು ವಿಲ್ಮಾ.

ನಾಲ್ಕೂಕಾಲಿಗೆ ಪಕ್ಕದ ಮನೆಯ ಒಕ್ಟಾವಿಯೊನ ಟ್ರಕ್ಕು ಬಂತು. ಡಾಟ್ ಇಳಿದಳು. ಒಕ್ಟಾವಿಯೊಗೆ ಕೆಲಸದ ಹೊತ್ತಾಗಿತ್ತು, ಕೈ ಬೀಸಿ ಹೊರಟುಹೋದ.

"ಆಮೆಯಂತೆ ಆಮೆ!" ಡಾಟ್ ಸೊಂಟದ ಮೇಲೆ ಕೈಯಿಟ್ಟಳು. "ಅರವತ್ತು ವರ್ಷದಿಂದ ನಿನ್ನ ನೆಪ ಕೇಳ್ತಿದೀನಿ ವಿಲ್, ಇದೊಂದು ಹೊಸದು."

"ಬಗ್ಗಿ ನೋಡು."

"ನನ್ನ ಮಂಡಿ ಬಗ್ಗಲ್ಲ ಅಂತ ಗೊತ್ತಿದ್ದೇ ಹೇಳ್ತೀಯ." ಆದರೂ ಬಾಗಿಲು ಹಿಡಿದುಕೊಂಡು ಇಷ್ಟಿಷ್ಟೇ ಬಗ್ಗಿದಳು. ಅಲ್ಲೇ ನಿಂತಳು. "ಅಯ್ಯೋ, ಇದೆಯಲ್ಲೇ! ನಿದ್ದೆ ಮಾಡ್ತಾ ಇದೆ. ನಮ್ಮ ಹೆಡ್ಮಾಸ್ಟರ ಥರ."

ಅವಳ ಮುಖ ಸಡಿಲವಾಯಿತು. ಹಿಂದಿನ ಸೀಟಿನ ಅಂಚಿನಲ್ಲಿ ಕಾಲು ಹೊರಗಿಟ್ಟು ಕೂತಳು. "ಆಮೆಗೋಸ್ಕರ ತಡವಾದ್ರೆ ತಡ ಅಂತ ಲೆಕ್ಕಕ್ಕಿಲ್ಲ. ಅಷ್ಟು ಕಲ್ಲೆದೆ ಅಲ್ಲ ನನ್ನದು." ಸ್ವಲ್ಪ ಹೊತ್ತು ಸುತ್ತ ನೋಡಿದಳು. "ಆದ್ರೆ ಇಲ್ಲಿ ಯಾಕೆ ನಿಲ್ಲಿಸ್ದೆ? ಇನ್ನೂ ಮುಂದೆ ಹೋಗ್ತಿದ್ಯಲ್ಲ, ತಾಳೆಮರ ಇರೋ ಕಡೆಗೆ?"

ಮಧ್ಯಾಹ್ನದಿಂದ ವಿಲ್ಮಾ ಈ ಪ್ರಶ್ನೆಯ ಪಕ್ಕದಲ್ಲೇ ಕೂತಿದ್ದಳು. ಹೂ ನೋಡಲು ಎಂದರೆ ಸಾಕಿತ್ತು. ಸುತ್ತಲೂ ಹೂ ಇದ್ದೇ ಇತ್ತು. ಈ ಬಯಲಿಗೆ ಒಬ್ಬಳೇ ಬರಲು ಇನ್ನೆಷ್ಟು ಗುರುವಾರಗಳಿದ್ದವೋ, ಅಷ್ಟೂ ಆ ಒಂದು ಮಾತಿನಲ್ಲಿದ್ದವು. ಆ ಬೆಳಿಗ್ಗೆ ಎದುರು ಬಂದ ಲಾರಿಯೂ ಅವಳಿಗೆ ನೆನಪಾಯಿತು. ಅದು ಎರಡು ಮೈಲಿ ಆಚೆ, ಬೆಟ್ಟ ವಾಲಿದ ಹೊತ್ತಿಗೇ ಎದುರಾಗಿದ್ದರೆ ಎಂದು.

"ತಲೆ ಸುತ್ತಿತು," ಎಂದಳು. "ಐದು ನಿಮಿಷ."

ಡಾಟ್ ಬಯ್ಯುವ ಬದಲು ಕಾಫಿಯ ಫ್ಲಾಸ್ಕ್ ತೆಗೆದಳು. ಇಬ್ಬರೂ ಉಳಿದ ಕಾಫಿಯನ್ನು ಒಂದೇ ಲೋಟದಲ್ಲಿ ಕುಡಿದರು. ಬೆಟ್ಟದ ನೆರಳು ಬಯಲಿನೊಳಕ್ಕೆ ಬರುತ್ತಿತ್ತು.

ಐದೂವರೆಯ ಹೊತ್ತಿಗೆ ಜಲ್ಲಿಯ ಮೇಲೆ ಕರಕರ ಸದ್ದಾಯಿತು. ಆಮೆ ಹೊರಗೆ ಬಂದು, ಕತ್ತು ಚಾಚಿ, ಡಾಟ್‌ಳ ಬೂಟಿನ ಮುಂದೆಯೇ ಹಾದು, ಒಂದು ಹಳದಿ ಹೂವನ್ನು ಕಚ್ಚಿ ತಿಂದು, ಪೊದೆಗಳ ನಡುವೆ ಮರೆಯಾಯಿತು. ಅದು ಹೋಗುವವರೆಗೆ ಡಾಟ್ ಬೂಟು ಅಲುಗಿಸಲಿಲ್ಲ.

ವಿಲ್ಮಾ ಕೀಲಿ ಚಾಚಿದಳು. ಡಾಟ್ ತೆಗೆದುಕೊಂಡಳು.

ಡಾಟ್ ಓಡಿಸುವುದೆಂದರೆ ಗಂಟೆಗೆ ಇಪ್ಪತ್ತೈದು ಮೈಲಿ. ಸ್ಟಿಯರಿಂಗ್ ಇರುವ ಎಡಗಡೆಯ ಸೀಟಿನಿಂದ ಕಂಡಿದ್ದ ಬಯಲು ಬಲಗಡೆಯಿಂದ ಬೇರೆಯೇ ಇತ್ತು. ಇಷ್ಟು ವರ್ಷದಲ್ಲಿ ನೋಡದ ಒಂದು ಗುಡ್ಡದ ಸೀಳು ವಿಲ್ಮಾಳ ಕಣ್ಣಿಗೆ ಬಿತ್ತು. ಅದು ಹಿಂದೆ ಸರಿಯುವವರೆಗೆ ಕತ್ತು ತಿರುಗಿಸಿ ನೋಡಿದಳು.

ಬಂಡೆಗಳ ನಾಡು ಬಂದಾಗ ಡಾಟ್ ಹೇಳಿದಳು: "ಗುರುವಾರ ನಾನು ಕರ್ಕೊಂಡು ಬರ್ತೀನಿ. ನೀನು ಎಲ್ಲಿ ಬೇಕೋ ಅಲ್ಲಿ ಇಳಿ, ಒಬ್ಬಳೇ ನಡಿ. ನಾನು ಕಾರಲ್ಲೇ ಪದಬಂಧ ಬಿಡಿಸ್ತಾ ಕೂತಿರ್ತೀನಿ. ಒಂದು ಮಾತೂ ಆಡಲ್ಲ."

"ನೀನು? ಮಾತಾಡದೆ?"

"ದಾರೀಲಿ ಆಡ್ತೀನಿ. ಅಲ್ಲಿ ಆಡಲ್ಲ."

ಡಾಟ್‌ಳ ನಿಧಾನಕ್ಕೆ ಹಿಂದೆ ಏಳೆಂಟು ಕಾರುಗಳು ಸಾಲುಗಟ್ಟಿದ್ದವು. ವಿಲ್ಮಾ ಕಿಟಕಿ ಇಳಿಸಿ, ತೋಳು ಹೊರಚಾಚಿ, ಎದುರಿನ ರಸ್ತೆ ಖಾಲಿಯಿದೆಯೆಂದು ನೋಡಿಕೊಂಡು, ಅವುಗಳನ್ನು ಒಂದೊಂದಾಗಿ ಮುಂದಕ್ಕೆ ಬಿಡತೊಡಗಿದಳು.