ತಪ್ಪುಕಾಣಿಕೆ ಯಾರ ಮನೆಗೆ

ಕೀಬಾಳ ಯಜಮಾನ ಸತ್ತು ಐದು ತಿಂಗಳಾದ ಮೇಲೆ ಅವಳ ಅಕ್ಕನ ಮಗ ಡೆಲ್ಬರ್ಟ್ ಪಿಕಪ್ ಗಾಡಿಯಲ್ಲಿ ಆರು ಕುರಿ ಹೇರಿಕೊಂಡು ಬಂದ. ಬೆಳಗಿನ ಹೊತ್ತು. ಕೀಬಾ ಮನೆ ಮುಂದೆ ಜೂನಿಪರ್ ಮರದ ಕೆಳಗೆ ಕೂತು ಉಣ್ಣೆ ಹಿಂಜುತ್ತಿದ್ದಳು. ಡೆಲ್ಬರ್ಟ್ ಗಾಡಿ ನಿಲ್ಲಿಸಿ ಇಳಿಯದೆ ಕೂತ. ಮನೆಯವರು ತಲೆ ಎತ್ತುವವರೆಗೆ ಕಾಯುವುದು ಮರ್ಯಾದೆ. ಕೀಬಾ ಒಂದು ಬುಟ್ಟಿ ಉಣ್ಣೆ ಮುಗಿಯುವವರೆಗೆ ತಲೆ ಎತ್ತಲಿಲ್ಲ.

ಕೊನೆಗೆ ಅವನೇ ಇಳಿದ.

“ಚಿಕ್ಕವ್ವ, ಕುರಿ ತಂದಿದೀನಿ.”

“ಕಾಣ್ತದೆ.”

“ಎಲ್ಲಾ ಮರಿ ಹಾಕೋ ಕುರಿಗಳೇ. ಚಿಕ್ಕಪ್ಪ ಇಲ್ಲ, ನಿಂಗೆ ತೊಂದ್ರೆ ಆಗ್ಬಾರ್ದು ಅಂತ.”

“ಐದು ತಿಂಗಳಿಂದ ತೊಂದ್ರೆ ಇರ್ಲಿಲ್ವಾ?”

ಡೆಲ್ಬರ್ಟ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಬರೋ ಸೋಮವಾರ ಕೋರ್ಟು. ನಿನ್ನೇ ಕೇಳೋದು, ಚಿಕ್ಕವ್ವ. ಬೇರೆ ಯಾರೂ ನೋಡಿಲ್ಲ. ಧೂಳಿತ್ತು, ಗಾಡಿ ಯಾರು ಓಡಿಸ್ತಿದ್ರೋ ಕಾಣ್ಲಿಲ್ಲ ಅಂದ್ಬುಡು. ಧೂಳು ಇದ್ದದ್ದು ಸುಳ್ಳಲ್ವಲ್ಲ.”

“ಧೂಳೂ ಇತ್ತು. ನೀನೂ ಇದ್ದೆ.”

ಡೆಲ್ಬರ್ಟ್ ಗಾಡಿಯ ಹಿಂದಕ್ಕೆ ಹೋದ. ಕುರಿಗಳನ್ನು ಒಂದೊಂದಾಗಿ ಇಳಿಸಿ ಹೊರಟುಹೋದ. ಕುರಿಗಳದ್ದೇನು ತಪ್ಪು? ಹೊರಗೆ ಬಿಟ್ಟರೆ ತೋಳ ಎಳೆಯುತ್ತದೆ. ಕೀಬಾ ಅವನ್ನು ತನ್ನ ದೊಡ್ಡಿಗೆ ಹೊಡೆದು ಬಾಗಿಲು ಕಟ್ಟಿದಳು.

ಕೀಬಾ ನವಾಹೋ ಬುಡಕಟ್ಟಿನವಳು, ಉಪ್ಪಿನ ಕುಲದ ಹೆಂಗಸು. ಅವರಲ್ಲಿ ಕುಲ ತಾಯಿಯಿಂದ ಬರುತ್ತದೆ. ಏಳು ವರ್ಷದವಳಿದ್ದಾಗ ಸರ್ಕಾರಿ ಹಾಸ್ಟೆಲ್ ಶಾಲೆಗೆ ಹಿಡಿದುಕೊಂಡು ಹೋದರು. ತಲೆಗೂದಲು ಕತ್ತರಿಸಿದರು. ಎರಡು ವರ್ಷ ಇದ್ದು, ಓಡಿಹೋಗಿ, ಮೂರು ದಿನ ನಡೆದು ಮನೆ ಸೇರಿದಳು. ಅಲ್ಲಿಗೆ ಓದು ಮುಗಿಯಿತು. ಅವ್ವನ ಮಗ್ಗದ ಪಕ್ಕದಲ್ಲಿ ಕೂತು ಕಂಬಳಿ ನೇಯುವುದು ಕಲಿತಳು. ಹತ್ತೊಂಬತ್ತಕ್ಕೆ ಕಹಿನೀರು ಕುಲದ ಗಂಡು ಅವಳನ್ನು ಮದುವೆಯಾಗಿ ಅವಳ ಮನೆಗೆ ಬಂದ. ವರ್ಷದಲ್ಲಿ ಎಂಟು ತಿಂಗಳು ದೂರದಲ್ಲಿ ರೈಲು ಹಳಿ ಹಾಕುತ್ತಿದ್ದ, ನಾಲ್ಕು ತಿಂಗಳು ಮನೆಯಲ್ಲಿರುತ್ತಿದ್ದ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಅಕ್ಕ ಎಲ್ಸಿಯ ಮಗ ಡೆಲ್ಬರ್ಟ್ ಅವಳ ಸೆರಗು ಹಿಡಿದೇ ಬೆಳೆದ. ಗಾಡಿ ಓಡಿಸುವುದನ್ನು ಅವನಿಗೆ ಕಲಿಸಿದ್ದು ಕೀಬಾಳ ಯಜಮಾನ.

ಆ ದಿನ ಯಜಮಾನ ನೀರು ತರಲು ಹೋಗಿದ್ದ. ದಾರಿಯಲ್ಲಿ ಟೈರು ಪಂಕ್ಚರ್ ಆಗಿ, ಗಾಡಿ ಬಿಟ್ಟು ನಡೆದು ಬರುತ್ತಿದ್ದ. ಮಧ್ಯಾಹ್ನ. ಕೀಬಾ ಮೇಲಿನ ದಿಬ್ಬದಲ್ಲಿ ಕುರಿ ಮೇಯಿಸುತ್ತಿದ್ದಳು. ಡೆಲ್ಬರ್ಟನ ಗಾಡಿ ಜೋರಾಗಿ ಬಂತು, ಹೊಡೆಯಿತು, ಸ್ವಲ್ಪ ದೂರ ಹೋಗಿ ನಿಂತಿತು. ಅವನು ಇಳಿದ. ನಡೆದು ಬಂದು ಬಗ್ಗಿ ನೋಡಿದ. ವಾಪಸು ಹೋಗಿ ಗಾಡಿ ಹತ್ತಿದ.

ಅವಳು ಇಳಿದು ಓಡಿಬರುವ ಹೊತ್ತಿಗೆ ಧೂಳು ಮಾತ್ರ ಉಳಿದಿತ್ತು. ಯಜಮಾನ ಇನ್ನೂ ಒಂದು ತಾಸು ಬದುಕಿದ್ದ.

ಅಲ್ಲಿಂದ ಆಸ್ಪತ್ರೆಗೆ ಗಾಡಿಯಲ್ಲಿ ಅರ್ಧ ತಾಸಿನ ದಾರಿ.

ಇಷ್ಟನ್ನೂ ಅವಳು ಪೊಲೀಸರಿಗೆ ಅಂದೇ ಹೇಳಿದ್ದಳು. ಡೆಲ್ಬರ್ಟ್ ಮಾತ್ರ ಗಾಡಿ ಯಾರೋ ಕದ್ದಿದ್ದರು ಎಂದ. ದೇಶದ ದೊಡ್ಡ ಸರ್ಕಾರದ ವಕೀಲರು ಒಬ್ಬಳೇ ಸಾಕ್ಷಿ, ದೂರದಿಂದ ನೋಡಿದ್ದು, ಸಾಲದು ಎಂದು ಕಾಗದ ಕಳಿಸಿ ಕೈ ತೊಳೆದುಕೊಂಡರು. ಉಳಿದದ್ದು ತಮ್ಮದೇ ನವಾಹೋ ಜನರ ಕೋರ್ಟು.

ಬುಧವಾರ ಆ ಕೋರ್ಟಿನ ಸರ್ಕಾರಿ ವಕೀಲೆ ಲೊರೇನ್ ನೋಟೀಸು ಕೊಡಲು ಬಂದಳು. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ದೊಡ್ಡಿಯತ್ತ ಒಮ್ಮೆ ನೋಡಿದ್ದೇ ತಡ, ಗೊತ್ತಾಯಿತು.

“ಅವ್ವ, ಆ ಆರು ಕುರಿ ಕಿವೀಲಿರೋ ಗುರುತಿನ ಕಚ್ಚು ನಿಮ್ದಲ್ಲ.”

“ನಮ್ಮಕ್ಕನ ಮನೇದು.”

“ಡೆಲ್ಬರ್ಟ್ ತಂದಿದ್ದಾ? ಏನಂದ?”

ಕೀಬಾ ಕಾಫಿ ಬಗ್ಗಿಸಿದಳು.

“ನೋಡವ್ವ. ಸಾಕ್ಷಿ ಬಾಯಿ ಕಟ್ಟೋದು ನಮ್ ಕಾನೂನಲ್ಲಿ ಬೇರೆ ಅಪರಾಧ. ನೀವು ಹೇಳಿದ್ರೆ ಅವನ ಮೇಲೆ ಅದೂ ಬೀಳ್ತದೆ. ಪ್ರಮಾಣ ಮಾಡಿ ಮುಚ್ಚಿಟ್ರೆ ನಿಮ್ ಮೇಲೆ ಬೀಳ್ತದೆ.”

“ಕೋರ್ಟಲ್ಲಿ ಕೇಳು. ಹೇಳ್ತೀನಿ. ಈಗ ಕಾಫಿ ಕುಡಿ.”

ಲೊರೇನಳ ಗಾಡಿಯ ಧೂಳು ಇಳಿಯುವ ಮೊದಲೇ ಎಲ್ಸಿ ಬಂದಳು. ಅವಳು ಗಾಡಿಯಲ್ಲಿ ಕೂತು ಕಾಯಲಿಲ್ಲ.

“ಕುರಿ ಒಳಗೆ ಹಾಕ್ಕೊಂಡಿದೀಯ. ಇನ್ನೇನ್ ಬೇಕೇ ನಿಂಗೆ?”

“ಹೊಡ್ಕೊಂಡು ಹೋಗಕ್ಕ. ಬಾಗಿಲು ತೆಗೀತೀನಿ.”

“ಮಗನ್ನ ಜೈಲಿಗೆ ಕಳಿಸ್ತೀಯಾ? ನೀನೇ ಹಿಟ್ಟು ಕಲಸಿ ತಿನ್ನಿಸಿದ ಮಗ!”

“ತಿನ್ನಿಸಿದ್ದೆ. ಅದಕ್ಕೇ ದಿಬ್ಬದ ಮೇಲಿಂದ್ಲೂ ಗುರುತು ಸಿಕ್ತು. ನಡಿಗೆ ನೋಡಿದ್ರೆ ಸಾಕು.”

“ಹೋದೋರು ಬರ್ತಾರಾ ಕೀಬಾ?”

“ಬರಲ್ಲ. ಇವನು ಬರ್ಬೋದಿತ್ತು. ಐದು ತಿಂಗಳಿತ್ತು.”

ಎಲ್ಸಿ ಕುರಿ ಹೊಡೆದುಕೊಂಡು ಹೋಗಲಿಲ್ಲ. ಹೊಡೆದುಕೊಂಡು ಹೋದರೆ ಕೊಟ್ಟದ್ದನ್ನು ತಾವೇ ವಾಪಸು ತೆಗೆದುಕೊಂಡಂತಾಗುತ್ತದೆ ಎಂದು ಅವಳಿಗೆ ಯಾರೋ ಹೇಳಿಕೊಟ್ಟಿದ್ದರು.

ಯಾರು ಎನ್ನುವುದು ಸೋಮವಾರ ಗೊತ್ತಾಯಿತು. ಡೆಲ್ಬರ್ಟನ ವಕೀಲ ಕರ್ಟಿಸ್. ಅವನೂ ನವಾಹೋ, ಆದರೆ ಫೀನಿಕ್ಸ್ ಪಟ್ಟಣದಲ್ಲಿ ಬೆಳೆದವನು. ಬೂಟು ಫಳಫಳ ಹೊಳೆಯುತ್ತಿತ್ತು. ಜಡ್ಜಿ ಬಿಲಗೊಡಿ ಮಾತ್ರ ಮುದುಕ, ಹತ್ತಿಪ್ಪತ್ತು ಮೈಲಿ ಆಚೆಯವನು.

ಲೊರೇನ್ ಕೇಳಿದಳು, “ಗಾಡಿ ಓಡಿಸ್ತಿದ್ದೋರು ಈ ಕೋಣೇಲಿ ಇದ್ದಾರಾ? ತೋರಿಸಿ.”

ಹಿರಿಯರ ರೂಢಿಯಂತೆ ಕೀಬಾ ತುಟಿ ಚಾಚಿ ತೋರಿಸಿದಳು.

“ಕೈಯಲ್ಲಿ ತೋರಿಸಲಿ, ತುಟಿ ದಾಖಲೆಗೆ ಬರೋದಿಲ್ಲ,” ಎಂದ ಕರ್ಟಿಸ್.

“ಬೆರಳು ಮಾಡೋಕೆ ಅವನೇನು ನಾಯಾ?” ಎಂದಳು ಕೀಬಾ. ಹಿಂದೆ ಕೂತವರು ನಕ್ಕರು.

“ತುಟಿ ಡೆಲ್ಬರ್ಟ್ ಕಡೆ ಇತ್ತು ಅಂತ ಬರ್ಕೊಳ್ಳಿ,” ಎಂದ ಜಡ್ಜಿ.

ಅವಳು ನೋಡಿದ್ದನ್ನೆಲ್ಲ ಹೇಳಿದಳು. ಇಳಿದ, ನೋಡಿದ, ಹತ್ತಿದ. ಕುರಿ ತಂದದ್ದನ್ನೂ, ಧೂಳಿನ ಮಾತನ್ನೂ ಹೇಳಿದಳು. ಎಲ್ಸಿ ಮುಖಕ್ಕೆ ಶಾಲು ಎಳೆದುಕೊಂಡಳು.

ಕರ್ಟಿಸ್ ಎದ್ದ. “ಸತ್ತವರ ಹೆಸರು ಹೇಳಿ.”

ಸತ್ತವರ ಹೆಸರು ಎತ್ತುವುದು ಅವರಲ್ಲಿ ಇಲ್ಲ, ಕೀಬಾ ಬಾಯಿ ಬಿಡಲಿಲ್ಲ. ಅವನು ಮತ್ತೆ ಕೇಳಿದ.

“ಫೈಲಲ್ಲಿದೆ,” ಎಂದ ಜಡ್ಜಿ. “ಮನಸ್ಸಲ್ಲೇ ಓದ್ಕೋ ತಮ್ಮ. ಮುಂದಿನ ಪ್ರಶ್ನೆ.”

“ಆರು ಕುರಿ ನಿಮ್ಮ ದೊಡ್ಡಿಯಲ್ಲೇ ಇವೆ, ಅಲ್ವಾ?”

“ಇವೆ.”

“ವಾಪಸು ಕಳಿಸಲಿಲ್ಲ. ಅಂದ್ರೆ ತಗೊಂಡ್ರಿ.” ಅವನು ಜಡ್ಜಿಯತ್ತ ತಿರುಗಿದ. “ಸ್ವಾಮಿ, ಇದು ಸಾಕ್ಷಿಯ ಬಾಯಿ ಕಟ್ಟಿದ್ದಲ್ಲ. ನಮ್ಮ ಹಿರಿಯರ ಕಾಲದಿಂದ ಬಂದ ತಪ್ಪುಕಾಣಿಕೆ. ತಪ್ಪು ಮಾಡಿದವನು ಕೊಡ್ತಾನೆ, ನೊಂದವರು ತಗೊಳ್ತಾರೆ, ವ್ಯಾಜ್ಯ ಮುಗೀತದೆ. ಈ ಕೋರ್ಟೂ ಅದನ್ನ ಒಪ್ತದೆ. ಮುಗಿದಿರೋದನ್ನ ಕೆದಕೋದು ಯಾಕೆ?”

ಲೊರೇನಳ ಮುಖ ಸಣ್ಣಗಾಯಿತು. ಕೀಬಾ ವಕೀಲನನ್ನು ನೋಡಿದಳು, ಕೋಪದಿಂದಲ್ಲ.

“ನಿಂದು ಯಾವ ಕುಲ ಮಗಾ?”

“ಪ್ರಶ್ನೆ ಕೇಳೋದು ನಾನು—”

“ನಿಮ್ಮವ್ವ ಹೇಳಿಕೊಟ್ಟಿಲ್ಲ, ಬಿಡು. ಡೆಲ್ಬರ್ಟ್ ನಮ್ಮಕ್ಕನ ಮಗ. ಅವನೂ ಉಪ್ಪಿನ ಕುಲ, ನಾನೂ ಉಪ್ಪಿನ ಕುಲ. ಈ ಬಲಗೈ ಎಡಗೈಗೆ ಕಾಣಿಕೆ ಕೊಡ್ತದಾ? ಸತ್ತೋನು ಕಹಿನೀರು ಕುಲದೋನು. ಅವನ ತಾಯಿ ಬದುಕವ್ಳೆ. ಕಣ್ಣು ಮಂಜು, ಕಿವಿ ಚೆನ್ನಾಗದೆ. ತಪ್ಪುಕಾಣಿಕೆ ಹೋಗ್ಬೇಕಾದ್ದು ಅವಳ ಬಾಗಿಲಿಗೆ. ಅಲ್ಲಿಗೆ ಹೋದ್ನಾ ಕೇಳು. ಕಾಣಿಕೆ ಕೊಡೋನು ಮೊದ್ಲು ‘ನಾನು ಮಾಡ್ದೆ’ ಅಂತಾನೆ. ಇವನು ನನ್ನ ಹತ್ರ ಬಂದು ‘ನಾನಲ್ಲ ಅನ್ನು’ ಅಂದ.”

ಜಡ್ಜಿ ಪೆನ್ನು ಕೆಳಗಿಟ್ಟ. “ಡೆಲ್ಬರ್ಟ್, ಆ ಅಜ್ಜಿ ಮನೆಗೆ ಹೋಗಿದ್ದೆಯಾ?”

ಕರ್ಟಿಸ್ ಅವನ ತೋಳು ಹಿಡಿದ. ಡೆಲ್ಬರ್ಟ್ ತೋಳು ಬಿಡಿಸಿಕೊಂಡ. ಆದರೆ ತಲೆ ಎತ್ತಲಿಲ್ಲ.

“ಇಲ್ಲ.”

ಹೊಡೆದು ಬಿಟ್ಟು ಹೋದದ್ದಕ್ಕೆ ಆರು ತಿಂಗಳು ಜೈಲು ಎಂದಿತು ಕೋರ್ಟು. ಸಾಕ್ಷಿಯ ಬಾಯಿ ಕಟ್ಟಲು ಹೋದದ್ದಕ್ಕೆ ಮೇಲೆ ಎರಡು ತಿಂಗಳು. ಜಡ್ಜಿ ಕೀಬಾಳನ್ನು ಕೇಳಿದ, “ನಿಮಗೇನು ಬೇಕವ್ವ?”

“ನಂಗೇನೂ ಬೇಡ. ಜೈಲಿಗೆ ಹೋಗೋಕ್ ಮುಂಚೆ ಒಂದಿನ ಕೊಡಿ. ನಮ್ಮತ್ತೆ ಬಾಗಿಲಿಗೆ ಹೋಗಿ ಹೇಳ್ಲಿ.”

“ಯಾರು ಕರ್ಕೊಂಡು ಹೋಗೋದು?”

“ತಪ್ಪು ಮಾಡಿದ್ದು ಉಪ್ಪಿನ ಕುಲ. ಕೊಡ್ಬೇಕಾದ್ದು ಉಪ್ಪಿನ ಕುಲ. ಅವ್ವನ ತಂಗಿ ನಾನು, ನಾನೂ ಇವನ ತಾಯಿನೇ.”

ಲೊರೇನ್ ಅವಳ ಮುಖ ನೋಡಿದಳು. ಗಂಡನನ್ನು ಕಳೆದುಕೊಂಡವಳು ತಾನೇ ಕೊಡುವ ಕಡೆ ನಿಂತಿದ್ದಳು. ಕೀಬಾಳಿಗೆ ಅದು ಬುಧವಾರವೇ ಗೊತ್ತಿತ್ತು. ಉಣ್ಣೆ ಹಿಂಜುತ್ತ ಅದನ್ನೇ ಯೋಚಿಸಿದ್ದಳು. ಬೇರೆ ದಾರಿ ಕಾಣಲಿಲ್ಲ.

ಜಡ್ಜಿ ಶನಿವಾರ ಒಂದು ದಿನ ಬಿಟ್ಟುಕೊಟ್ಟ. ಅಂದು ಡೆಲ್ಬರ್ಟನನ್ನು ಕರೆದುಕೊಂಡು ಕೀಬಾಳ ಅಣ್ಣನ ಗಾಡಿ ಬಂತು. ಎಲ್ಸಿಯ ಆರು ಕುರಿ ಹತ್ತಿಸಿದರು. ಕೀಬಾ ತನ್ನವುಗಳಲ್ಲಿ ಎಂಟು ಆರಿಸಿದಳು. ಮುದಿ ಕುರಿ ಒಂದನ್ನೂ ಸೇರಿಸಲಿಲ್ಲ. ಚಳಿಗಾಲವೆಲ್ಲ ಕೂತು ನೇಯ್ದ ಕಂಬಳಿಯನ್ನು ಮಡಿಸಿ ಮೇಲಿಟ್ಟಳು. ಎಲ್ಸಿ ಮಾತಾಡದೆ ಬಂದು ಪಕ್ಕದಲ್ಲಿ ಕೂತಳು.

“ಎಂಟು ಜಾಸ್ತಿ ಆಯ್ತು,” ಅಂದಳು ಅರ್ಧ ದಾರಿಯಲ್ಲಿ.

“ಇಳಿಸ್ಬೇಕಾ?”

“ಬೇಡ.”

ಅತ್ತೆಯ ಮನೆ ಮುಂದೆ ಗಾಡಿ ನಿಲ್ಲಿಸಿ ಎಲ್ಲರೂ ಕಾದರು. ಮುದುಕಿ ಕೋಲೂರಿಕೊಂಡು ಹೊರಗೆ ಬಂದಳು. ಹಿಂದೆ ಕಹಿನೀರು ಕುಲದ ಗಂಡಸರು ನಾಲ್ಕು ಜನ. ಒಬ್ಬರೂ ಬನ್ನಿ ಎನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ.

ಡೆಲ್ಬರ್ಟ್ ಇಳಿದು ನಿಂತ. ಕೀಬಾಳತ್ತ ನೋಡಿದ. ಅವಳು ಅವನ ಪಕ್ಕದಲ್ಲಿ ಬಂದು ನಿಂತಳು, ಅವನ ಕಡೆ ತಿರುಗಲಿಲ್ಲ.

“ಹೇಳು.”

“ಅಜ್ಜೀ, ಗಾಡಿ ಓಡಿಸ್ತಿದ್ದೋನು ನಾನು. ನಾನೇ ಹೊಡ್ದೆ. ಇಳಿದು ನೋಡ್ದೆ. ಹೆದರ್ಕೊಂಡು ಬಿಟ್ಟೋದೆ.”

ಮುದುಕಿ ಧ್ವನಿ ಬಂದ ಕಡೆಗೆ ಕಿವಿ ತಿರುಗಿಸಿದಳು.

“ನೀನು ನೋಡ್ದಾಗ ಉಸಿರಿತ್ತಾ?”

“ಇತ್ತು, ಅಜ್ಜಿ.”

“ಏನಾದ್ರೂ ಅಂದ್ನಾ?”

ಡೆಲ್ಬರ್ಟ್ ಅತ್ತ. “ನನ್ ಹೆಸ್ರು ಕೂಗ್ದ.”

ಇದು ಕೀಬಾಳಿಗೂ ಗೊತ್ತಿರಲಿಲ್ಲ. ಅವಳು ಗಾಡಿಯ ಹಿಂದಕ್ಕೆ ಹೋಗಿ ಹಲಗೆ ತೆರೆದು, ಮೊದಲ ಕುರಿಯ ಕೊರಳು ಹಿಡಿದು ಕೆಳಗಿಳಿಸಿದಳು.